ಲಕ್ವ ಹೊಡೆದ ಅಮ್ಮನಿಗೆ ಬಟ್ಟೆ ಹಾಕಿಸುವುದು ಹೇಗೆ?

ಸ್ಟ್ರೋಕ್ ಆಗಿ ಅಮ್ಮನ ಎಡಗೈ, ಎಡಗಾಲು ಸ್ವಾಧೀನ ತಪ್ಪಿದೆ, ಬೆಳಿಗ್ಗೆ ಬಟ್ಟೆ ಹಾಕಿಸುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ಕೊನೆಗೆ ಇಬ್ಬರೂ ಅಳುತ್ತೇವೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಕಥೆ. ನಮ್ಮಮ್ಮನಿಗೆ ಬಿದ್ದಿದ್ದು ಬಲಭಾಗ, ಈಗ ನಾಲ್ಕು ವರ್ಷ ಆಯಿತು. ನಾನು ಮಗ. ಅಕ್ಕ ಇರುವುದು ಹುಬ್ಬಳ್ಳಿಯಲ್ಲಿ, ಅಪ್ಪನಿಗೆ ಮಂಡಿ ನೋವು, ಬಗ್ಗೋಕೆ ಆಗಲ್ಲ, ನನ್ನ ಹೆಂಡತಿ ಎಂಟಕ್ಕೆಲ್ಲ ಸ್ಕೂಲಿಗೆ ಹೊರಡಬೇಕು. ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂತು.

ಒಂದನ್ನು ಮೊದಲು ಹೇಳಿಬಿಡುತ್ತೇನೆ. ಹಾಕುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಸರಿ ಇರುವ ಕೈ ಮೊದಲು. ಇದು ಗೊತ್ತಿಲ್ಲದೆ ನಾನು ಎರಡು ವಾರ ಒದ್ದಾಡಿದ್ದೇನೆ. ಒಳ್ಳೆಯ ಕೈ ಸುಲಭ ಅಲ್ವಾ ಅಂತ ಅದನ್ನೇ ಮೊದಲು ತೂರಿಸುತ್ತಿದ್ದೆ, ಆಮೇಲೆ ಬಟ್ಟೆ ಬೆನ್ನಿಗೆ ಬಿಗಿದುಕೊಂಡು ಬಗ್ಗದ ಕೈಗೆ ಜಾಗವೇ ಇರುತ್ತಿರಲಿಲ್ಲ. ಒಂದಿನ ಎಳೆದೆ. ಅಮ್ಮ ಚೀರಿಕೊಂಡಳು. ಫಿಸಿಯೋದವರು ಚೆನ್ನಾಗಿ ಬೈದರು. ಬಿದ್ದ ಕಡೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಸಡಿಲ ಆಗಿರುತ್ತವಂತೆ, ಕೈ ಹಿಡಿದು ಜಗ್ಗಿದರೆ ಕೀಲು ಜಾರುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುವುದೂ ಬೇಡ.

ಈಗ ನಾನು ಮಾಡುವುದು ಹೀಗೆ. ಅಮ್ಮನನ್ನು ಮಂಚದಲ್ಲಿ ಅಲ್ಲ, ಕೈ ಇರುವ ಗಟ್ಟಿ ಕುರ್ಚಿಯಲ್ಲಿ ಕೂರಿಸುತ್ತೇನೆ, ಪಾದ ಎರಡೂ ನೆಲಕ್ಕೆ ತಾಗಬೇಕು. ರವಿಕೆಯ ತೋಳಿನ ತುದಿಯಿಂದ ನನ್ನ ಕೈ ಒಳಗೆ ಹಾಕಿ, ಭುಜದ ಕಡೆಯಿಂದ ಹೊರಗೆ ತಂದು, ಅವಳ ಬಲಗೈ ಬೆರಳುಗಳನ್ನು ಹಿಡಿದುಕೊಳ್ಳುತ್ತೇನೆ. ಆಮೇಲೆ ತೋಳನ್ನು ನನ್ನ ಕೈಯಿಂದ ಅವಳ ಕೈಗೆ ನಿಧಾನಕ್ಕೆ ಜಾರಿಸುತ್ತೇನೆ, ಬಳೆ ಅಂಗಡಿಯವನು ಬಳೆ ಏರಿಸಿದ ಹಾಗೆ. ಭುಜ ದಾಟಿದ ಮೇಲೆ ಉಳಿದಿದ್ದನ್ನು ಅವಳೇ ನೋಡಿಕೊಳ್ಳುತ್ತಾಳೆ.

ಹಳೇ ರವಿಕೆಗಳಿಂದ ಉಪಯೋಗ ಇಲ್ಲ. ಟೈಲರ್ ಹತ್ತಿರ ಹೋಗಿ ಕಂಕುಳ ಹತ್ತಿರ ಎರಡು ಇಂಚು ಬಿಡಿಸಿ, ಮುಂದೆ ತೆರೆಯುವ ಹಾಗೆ ಹೊಲಿಸಿ. ಹುಕ್ ಒಂದು ಕೈಯಲ್ಲಿ ಆಗಲ್ಲ. ನಾವು ಮೊದಲು ವೆಲ್ಕ್ರೋ ಹಾಕಿಸಿದ್ದೆವು, ಅದು ಸೆರಗಿನ ದಾರ, ಕೂದಲು ಎಲ್ಲಾ ಹಿಡಿದು ನಾಲ್ಕು ಒಗೆತಕ್ಕೆ ಕೆಟ್ಟುಹೋಯಿತು. ಈಗ ದೊಡ್ಡ ಟಿಚ್ ಬಟನ್ ಹಾಕಿಸಿದ್ದೇವೆ. ಲಂಗಕ್ಕೆ ಲಾಡಿ ಬದಲು ಎಲಾಸ್ಟಿಕ್. ಕೂತಲ್ಲೇ ಎರಡೂ ಕಾಲು ಹಾಕಿಸಿ ಮಂಡಿವರೆಗೆ ಎಳೆದಿಟ್ಟುಕೊಂಡರೆ ಒಂದೇ ಸಲ ನಿಂತರೆ ಸಾಕು. ನಿಂತಾಗ ಅವಳು ಒಳ್ಳೆಯ ಕೈಯಲ್ಲಿ ಕಿಟಕಿ ಸರಳು ಹಿಡಿದುಕೊಳ್ಳುತ್ತಾಳೆ, ನಾನು ಮೇಲೆ ಎಳೆಯುತ್ತೇನೆ.

ನೈಟಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸುಲಭವೇನೋ ನಿಜ, ಮನೆಯಲ್ಲಿ ನಮ್ಮಮ್ಮನೂ ಹಾಕುತ್ತಾಳೆ. ಆದರೆ ಯಾರಾದರೂ ಬರುತ್ತಾರೆ ಅಂದರೆ, "ನೈಟಿಲಿ ನೆಂಟರ ಮುಂದೆ ಕೂರಲ್ಲ, ಸೀರೆ ಉಡ್ಸು" ಅಂತಾಳೆ. ಅದಕ್ಕೆ ನಾಲ್ಕು ಹಳೇ ಕಾಟನ್ ಸೀರೆಗೆ ನೆರಿಗೆ ಹೊಲಿಸಿ, ಸೊಂಟಕ್ಕೆ ಎಲಾಸ್ಟಿಕ್ ಕೊಡಿಸಿಟ್ಟಿದ್ದೇವೆ. ಲಂಗದ ಹಾಗೆ ಏರಿಸಿ ಸೆರಗು ಹೊದೆಸಿದರೆ ಮುಗಿಯಿತು.

ನೀವು ಮಗನೋ ಮಗಳೋ ಗೊತ್ತಿಲ್ಲ. ನಮಗೆ ನಾಚಿಕೆ ದೊಡ್ಡ ಸಮಸ್ಯೆ ಆಗಿತ್ತು. ಬಟ್ಟೆ ಬದಲಾಯಿಸುವಾಗ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ನಾನು ಬೇಗ ಮುಗಿಸಬೇಕು ಅಂತ ಗಡಿಬಿಡಿ ಮಾಡುತ್ತಿದ್ದೆ. ಆಮೇಲೆ ಅಪ್ಪನ ಪಂಚೆಯನ್ನು ಕುತ್ತಿಗೆಗೆ ಕಟ್ಟಿ ಅದರ ಕೆಳಗೇ ಎಲ್ಲಾ ಮಾಡುವುದು ಶುರು ಮಾಡಿದೆವು. ಬಾಗಿಲು ಹಾಕಿ, ಹಿಂದಿನ ದಿನದ ಸೀರಿಯಲ್ ಬಗ್ಗೆ ಮಾತಾಡುತ್ತೇವೆ. ಆ ಅತ್ತೆಯನ್ನು ಇಬ್ಬರೂ ಸೇರಿ ಬೈಯುವಷ್ಟರಲ್ಲಿ ಕೆಲಸ ಆಗಿರುತ್ತದೆ.

ಮುಕ್ಕಾಲು ಗಂಟೆ ಹಿಡಿಯುತ್ತದೆ ಅಂತ ಎಲ್ಲವನ್ನೂ ನೀವೇ ಮಾಡಬೇಡಿ. ಕೆಳಗಿನ ಎರಡು ಬಟನ್ ಅಮ್ಮನದು, ಅದಕ್ಕೇ ಐದು ನಿಮಿಷ ಬೇಕು. ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತೇನೆ. ಅವಸರ ಇರುವ ದಿನ ಅರ್ಧ ಗಂಟೆ ಮೊದಲೇ ಏಳುತ್ತೇನೆ ಅಷ್ಟೇ.

ಬಚ್ಚಲಲ್ಲಿ ಕೈ ಇರುವ ಕುರ್ಚಿ ಹಾಕಿ, ಕೆಳಗೆ ರಬ್ಬರ್ ಮ್ಯಾಟ್. ಬಿಸಿನೀರನ್ನು ಬಿದ್ದ ಕೈಗೆ ಹಾಕಿ ನೋಡಬೇಡಿ, ಆ ಕಡೆ ಸುಟ್ಟರೂ ಗೊತ್ತಾಗದೇ ಇರಬಹುದು. ಮೊದಲು ನಿಮ್ಮ ಕೈಯಲ್ಲೇ ನೋಡಿ. ಕಮೋಡ್ ಪಕ್ಕ ಗೋಡೆಗೆ ಸ್ಟೀಲ್ ರಾಡ್ ಹಾಕಿಸಿ, ಒಳ್ಳೆಯ ಕೈಗೆ ಸಿಗುವ ಕಡೆ. ಕೋಲು ಹಿಡಿಯುವುದೂ ಒಳ್ಳೆಯ ಕೈಯಲ್ಲೇ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಬಿದ್ದ ಕಾಲು ಮೊದಲು. ಹವಾಯಿ ಚಪ್ಪಲಿ ಬಿಸಾಡಿ, ಹಿಂದೆ ಪಟ್ಟಿ ಇರುವುದು ತನ್ನಿ.

ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಡಿ. ಅಂಗವೈಕಲ್ಯ ಶೇಕಡಾ 40 ಅಥವಾ ಜಾಸ್ತಿ ಅಂತ ಬಂದರೆ ಪಿಂಚಣಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ.

ಇನ್ನೊಂದು, ಬಿದ್ದ ಕೈ ಊದಿಕೊಳ್ಳುತ್ತದೆ. ಉಂಗುರ, ಬಳೆ ಇದ್ದರೆ ಇವತ್ತೇ ತೆಗೆಸಿ, ಆಮೇಲೆ ಕತ್ತರಿಸಬೇಕಾಗುತ್ತದೆ. ಬರಿಗೈ ಅಪಶಕುನ ಅಂತ ನಮ್ಮಮ್ಮ ಎರಡು ದಿನ ಮಾತೇ ಬಿಟ್ಟಿದ್ದಳು. ಈಗ ಬಲಗೈಯ ಬಳೆಗಳನ್ನೂ ಸೇರಿಸಿ ಎಡಗೈಗೇ ಹಾಕಿಕೊಂಡಿದ್ದಾಳೆ. ಇದೇನಮ್ಮ ಅಂದರೆ, "ಲೆಕ್ಕ ಸರಿ ಇದೆಯಲ್ಲ" ಅಂತಾಳೆ.