ಓದುಗರ ಪ್ರಶ್ನೆ: ನಮ್ಮೂರ ನಲ್ಲಿ ನೀರು ಕುಡಿಯಬಹುದಾ?

ಈ ಸಲ ನೀರಿನ ಬಗ್ಗೆಯೇ ಕಾಗದಗಳು ಜಾಸ್ತಿ. ಎಲ್ಲ ಸಣ್ಣ ಊರುಗಳವು: ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಒಬ್ಬ ವಾಟರ್‌ಮನ್. ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಫಿಲ್ಟರ್ ಮಾರುವವರು ಬಂದು ನಮ್ಮ ನಲ್ಲಿ ನೀರಿಗೆ ಮೀಟರ್ ಅದ್ದಿದರು, 620 ಬಂತು. ಆಮೇಲೆ ಎರಡು ಲೋಟಕ್ಕೆ ಕರೆಂಟಿನ ಕಡ್ಡಿ ಇಟ್ಟರು. ಅವರು ತಂದ ನೀರು ಹಾಗೇ ಇತ್ತು, ನಮ್ಮದು ಕೆಸರಿನ ಬಣ್ಣಕ್ಕೆ ತಿರುಗಿತು. ಇಷ್ಟು ವರ್ಷ ಇದನ್ನೇ ಕುಡಿದೆವಲ್ಲ ಅಂತ ಮನೆಯವರೆಲ್ಲ ಹೆದರಿದ್ದಾರೆ. ಅವರು ಹೇಳುವ ಆರ್‌ಒ, ಅಂದರೆ ಉಪ್ಪಿನಂಶ ತೆಗೆಯುವ ಫಿಲ್ಟರ್, ಹಾಕಿಸಲೇಬೇಕಾ?
– ಗೃಹಿಣಿ, ಶಿರಾ ತಾಲ್ಲೂಕು

ಉತ್ತರ: ಹೆದರಬೇಡಿ ತಾಯಿ, ದುಡ್ಡನ್ನೂ ಈಗಲೇ ಕೊಡಬೇಡಿ. ಆ ಕಂದು ಬಣ್ಣ ಬಂದಿದ್ದು ಕಡ್ಡಿಯಿಂದ. ಕಬ್ಬಿಣದಲ್ಲಿ ಕರೆಂಟ್ ಹರಿದರೆ ಅದು ಕರಗಿ ತುಕ್ಕಾಗಿ ನೀರಿಗೆ ಬಿಡುತ್ತದೆ. ಕರೆಂಟ್ ಹರಿಯೋಕೆ ನೀರಿನಲ್ಲಿ ಉಪ್ಪಿನಂಶ ಇರಬೇಕು, ಅವರ ಲೋಟದ ನೀರಿನಲ್ಲಿ ಅದನ್ನು ಮೊದಲೇ ತೆಗೆದಿರುತ್ತಾರೆ, ಅದಕ್ಕೇ ಅದು ತಿಳಿಯಾಗಿ ಉಳಿಯೋದು. ಮುಂದಿನ ಸಲ ಬಂದರೆ ಆ ಲೋಟಕ್ಕೂ ಒಂದು ಚಿಟಿಕೆ ಉಪ್ಪು ಹಾಕಿ ಅದೇ ಕಡ್ಡಿ ಅದ್ದಲು ಹೇಳಿ. ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ.

ಇನ್ನು ಆ 620. ಆ ಮೀಟರ್ ತೋರಿಸೋದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಉಪ್ಪು, ಸುಣ್ಣ ಎಲ್ಲದರ ಒಟ್ಟು ಲೆಕ್ಕ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 2000ದವರೆಗೂ ಪರವಾಗಿಲ್ಲ. ನಿಮ್ಮದು ಸ್ವಲ್ಪ ಗಡಸು ನೀರು ಇರಬಹುದು, ಬೇಳೆ ಬೇಯೋದು ತಡ, ಅಷ್ಟೇ. ಆದರೆ ಒಂದು ಮಾತು: ಆ ಮೀಟರಿಗೆ ರೋಗಾಣು ಕಾಣಲ್ಲ, ಫ್ಲೋರೈಡ್ ಎಷ್ಟು ಅಂತಲೂ ಗೊತ್ತಾಗಲ್ಲ. ಚರಂಡಿ ಸೇರಿದ ನೀರಿಗೂ ಅದು 150 ತೋರಿಸಬಹುದು! ಹಾಗಾಗಿ ಮೊದಲು ಪರೀಕ್ಷೆ, ಫಿಲ್ಟರ್ ಬೇಕೋ ಬೇಡವೋ ಅನ್ನೋದು ಆಮೇಲೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಯೋಜನೆಯ ನಿಯಮದಲ್ಲಿ ಪ್ರತಿ ನೀರಿನ ಮೂಲಕ್ಕೂ ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಆಗಬೇಕು. ಪಂಚಾಯಿತಿಗೆ ಹೋಗಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಆ ರಿಪೋರ್ಟ್ ಕೇಳಿ. ಸುಮ್ನೆ ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದುಕೊಡಿ.

ಪ್ರಶ್ನೆ: ನಮ್ಮ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂದರು. ಮೊದಲೆಲ್ಲ ಕುದಿಸಿ ಕುಡಿಯುತ್ತಿದ್ದೆವು. ಈಗ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ. ಇಷ್ಟು ಸಾಕಾ ಸಾರ್?
– ಅಂಗನವಾಡಿ ಸಹಾಯಕಿ, ಪಾವಗಡ ತಾಲ್ಲೂಕು

ಉತ್ತರ: ಸಾಲದು ಅಮ್ಮ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚೇ ಆಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್ ಕೂಡ ಅದನ್ನು ತೆಗೆಯಲ್ಲ. ನಿಮ್ಮ ಕಡೆ ಕಲ್ಲಿನ ಗುಣವೇ ಹಾಗೆ. ಬೋರ್ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯಿಲ್ಲದಿದ್ದರೆ 1.5, ಅದಕ್ಕಿಂತ ಮೇಲೆ ಬೇಡ.

ಕುಡಿಯೋಕೆ ಕ್ಯಾನ್ ನೀರು ಅಂದಿರಿ. ಅಡುಗೆಗೆ? ನೂರು ಮನೆಯಲ್ಲಿ ಕೇಳಿ, ಬಹಳ ಜನ ನಲ್ಲಿ ನೀರು ಅಂತಲೇ ಹೇಳುತ್ತಾರೆ. ಮುದ್ದೆಗೆ ಎಸರು ಇಡೋದು ಅದರಲ್ಲಿ, ಅನ್ನ ನೀರನ್ನೆಲ್ಲ ಹೀರಿಕೊಳ್ಳೋದು ಅದನ್ನೇ, ಸಾರು ಕುದ್ದು ಕುದ್ದು ಅರ್ಧ ಆಗೋದೂ ಅದೇ ನೀರಿನಲ್ಲಿ. ಅಂದರೆ ಲೋಟದಲ್ಲಿ ಬಿಟ್ಟ ಫ್ಲೋರೈಡು ತಟ್ಟೆಯಲ್ಲಿ ವಾಪಸ್ ಬರುತ್ತದೆ. ಪಾತ್ರೆ, ಬಟ್ಟೆ, ಸ್ನಾನಕ್ಕೆ ನಲ್ಲಿ ನೀರು ಧಾರಾಳವಾಗಿ ಬಳಸಿ, ಆದರೆ ಹೊಟ್ಟೆಗೆ ಹೋಗೋದೆಲ್ಲ ಕ್ಯಾನ್ ನೀರಿನಲ್ಲೇ ಆಗಲಿ, ಅಂಗನವಾಡಿಯ ಅಡುಗೆಯೂ ಸೇರಿ. ಹಲ್ಲು ಒಸಡಿನೊಳಗೆ ತಯಾರಾಗುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಈ ಕಲೆ ಬೀಳೋದು. ಬಿದ್ದ ಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ನಿಮ್ಮ ಹತ್ತಿರ ಬರುವ ಮಕ್ಕಳ ವಯಸ್ಸು ಅದೇ ಅಲ್ವಾ?

ಘಟಕದ ನೀರನ್ನೂ ಕಣ್ಣುಮುಚ್ಚಿ ನಂಬಬೇಡಿ. ಒಳಗೆ ನೀರು ಸೋಸುವ ಪೊರೆ (ಮೆಂಬ್ರೇನ್) ಹಾಳಾದರೂ ನಾಣ್ಯ ಹಾಕಿದರೆ ನೀರಂತೂ ಬರುತ್ತದೆ. ಪಂಚಾಯಿತಿಗೆ ಕೊಟ್ಟಿರುವ ಪರೀಕ್ಷೆಯ ಕಿಟ್‌ನಲ್ಲಿ ಫ್ಲೋರೈಡ್ ನೋಡಬಹುದು, ಊರಿಗೆ ಐದು ಜನ ಹೆಂಗಸರಿಗೆ ಅದರ ತರಬೇತಿ ಕೊಡಬೇಕು ಅಂತಲೇ ಇದೆ. ಲ್ಯಾಬಿಗೆ ಕಳಿಸೋದಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಳಿಸಿ, ಗಾಜು ಬೇಡ. ಅದೇ ನೀರಿನಲ್ಲಿ ಎರಡು ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಿ. ಮಕ್ಕಳಿಗೆ ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ತಪ್ಪಿಸಬೇಡಿ. ಸುಣ್ಣದಂಶ ಚೆನ್ನಾಗಿ ಸಿಗುವ ಮೈಗೆ ಫ್ಲೋರೈಡಿನ ಪೆಟ್ಟು ಕಡಿಮೆ.

ಪ್ರಶ್ನೆ: ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಮೊದಲ ಎರಡು ಬಿಂದಿಗೆ ಕಪ್ಪು, ವಾಸನೆ. ಮಳೆ ಬಂದರೆ ಇನ್ನೂ ಜಾಸ್ತಿ. ಟ್ಯಾಂಕ್ ತೊಳೆದಿದ್ದೇವೆ ಅನ್ನುತ್ತಾರೆ.
– ಹೆಸರು ಬೇಡ ಎಂದವರು

ಉತ್ತರ: ಟ್ಯಾಂಕ್ ತೊಳೆದಿರಬಹುದು ಸ್ವಾಮಿ, ನನಗೆ ಅನುಮಾನ ಪೈಪಿನ ಮೇಲೆ. ನೀರು ನಿಲ್ಲಿಸಿದಾಗ ಪೈಪ್ ಖಾಲಿಯಾಗಿ ಒಳಗೆ ಎಳೆತ ಶುರುವಾಗುತ್ತದೆ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಸುತ್ತಲಿನ ಗಲೀಜು ನೀರು ಒಳಗೆ. ಕೆಲವರು ನಲ್ಲಿಗೇ ನೇರ ಮೋಟರ್ ಹಾಕಿ ಎಳೆದರೆ ಆ ಎಳೆತ ಇನ್ನೂ ಜೋರು.

ಒಂದು ಕೆಲಸ ಮಾಡಿ. ನೀರು ಬಿಡುವ ಹೊತ್ತಿಗೆ ವಾಟರ್‌ಮನ್ ಜೊತೆ ಬೀದಿಯಲ್ಲಿ ನಡೆದು ನೋಡಿ. ಪೈಪು ಚರಂಡಿಯೊಳಗೇ ಹಾದುಹೋಗುವ ಜಾಗ, ವಾಲ್ವ್ ಮುಳುಗಿರುವ ಗುಂಡಿ ಸಿಕ್ಕೇ ಸಿಗುತ್ತವೆ. ಫೋಟೋ ತೆಗೆದು ಅರ್ಜಿಗೆ ಲಗತ್ತಿಸಿ. ಆಮೇಲೆ ಮನೆ ಮುಂದಿನ ನಲ್ಲಿ ಗುಂಡಿ ನೋಡಿ. ಒತ್ತಡ ಸಾಲದು ಅಂತ ನಾವೇ ಎರಡಡಿ ಗುಂಡಿ ತೋಡಿ ನಲ್ಲಿ ಕೆಳಗಿಳಿಸಿರುತ್ತೇವೆ. ಅಲ್ಲೇ ಬಿಂದಿಗೆ ಉಜ್ಜೋದು, ಅಲ್ಲೇ ಕಾಲು ತೊಳೆಯೋದು, ನಾಯಿಯೂ ಬಂದು ಅದರಲ್ಲೇ ನೀರು ಕುಡಿಯುತ್ತೆ. ಚೆಲ್ಲಿದ ನೀರು ನಿಂತು ನಲ್ಲಿಯ ಮೂತಿಯವರೆಗೂ ಬಂದಿರುತ್ತದೆ. ಮುಚ್ಚಳ ಬಿಗಿ ಮಾಡದೆ ಹಾಗೇ ಬಿಟ್ಟರೆ ನೀರು ನಿಂತ ಕ್ಷಣಕ್ಕೆ ಆ ಕೊಳಕೆಲ್ಲ ಪೈಪಿನೊಳಗೆ, ಮುಂದಿನ ಸಲ ಪಕ್ಕದ ಮನೆ ಬಿಂದಿಗೆಗೆ. ಗುಂಡಿ ಮುಚ್ಚಿಸಿ, ನಲ್ಲಿ ಎತ್ತರಿಸಿ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದು ನೆನಪಿರಬೇಕಲ್ಲ. ಆದ್ದರಿಂದ ಕಪ್ಪು ನೀರು ಹೋಗುವವರೆಗೆ ಹಿಡಿಯಬೇಡಿ, ಹಿಡಿದಿದ್ದನ್ನು ಕೊತಕೊತ ಕುದಿಸಿಯೇ ಕುಡಿಯಿರಿ. ಪಂಚಾಯಿತಿಯಲ್ಲಿ ಸಣ್ಣ ಪರೀಕ್ಷಾ ಸೀಸೆ ಇರುತ್ತವೆ. ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರಿಗೆ ಮಲದ ಸೋಂಕು ತಗುಲಿರಬಹುದು. ಕೂಡಲೇ ದೂರು ಕೊಡಿ.

ಪ್ರಶ್ನೆ: ನಲ್ಲಿ ನೀರು ಬ್ಲೀಚಿಂಗ್ ಪೌಡರ್ ವಾಸನೆ. ಆ ನೀರು ಹಾಕಿದ ದಿನವೇ ಅಕ್ವೇರಿಯಂ ಮೀನು ಸತ್ತವು. ನಮ್ಮ ಗತಿ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ನಿಮಗೇನೂ ಆಗಲ್ಲ. ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ನಾವು ನೀರಿನಲ್ಲಿ ಉಸಿರಾಡಲ್ಲವಲ್ಲ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು, ದಾರಿಯಲ್ಲಿ ಸೇರುವ ರೋಗಾಣುಗಳನ್ನು ಅದೇ ಕೊಲ್ಲೋದು. ಮೇಲಿನ ಕಾಗದದವರಿಗೆ ನಿಮ್ಮ ಊರಿನ ವಾಸನೆ ಸ್ವಲ್ಪ ಸಿಕ್ಕಿದ್ದರೆ ಚೆನ್ನಾಗಿತ್ತು. ಗಂಟಲು ಉರಿಯುವಷ್ಟು ಘಾಟು ಇದ್ದರೆ ಮಾತ್ರ ವಾಟರ್‌ಮನ್‌ಗೆ ಹೇಳಿ. 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಸಾಕು, ಅಂದಾಜಿನಲ್ಲಿ ಸುರಿಯೋದು ಬೇಡ. ಕುಡಿಯುವ ನೀರನ್ನು ತೆಳು ಬಟ್ಟೆ ಮುಚ್ಚಿ ರಾತ್ರಿ ಇಟ್ಟರೆ ವಾಸನೆ ಕಡಿಮೆಯಾಗುತ್ತದೆ. ಮೀನಿನ ನೀರನ್ನು ಬಾಯಗಲದ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ.