ಮೊದಲು ಹೊಡೆಯಲ್ಲ ಅಂದರೆ ಸುಮ್ನೆ ಕೂತಂತಲ್ಲ

‘ನಾವು ಮೊದಲು ಅಣುಬಾಂಬ್ ಹಾಕಲ್ಲ ಅಂತ ನಾವೇ ಹೇಳಿಬಿಟ್ಟರೆ ಪಾಕಿಸ್ತಾನ, ಚೀನಾ ಯಾಕೆ ಹೆದರಬೇಕು?’ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ ಸರ್. ನಾನು ಬೀದರಿನವನು, ನನಗೆ ತಿಳಿದಷ್ಟು ಹೇಳುತ್ತೇನೆ.

ನಮ್ಮ ಕೋಟೆಗೆ ಬಂದಿದ್ದರೆ ನೋಡಿರುತ್ತೀರಿ, ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಇದೆ. ಸಾಲಿನ ನಡುವೆ ಬಂಡೆಯನ್ನೇ ಗೋಡೆಯಂತೆ ಬಿಟ್ಟಿದ್ದಾರೆ. ಅದು ಶತ್ರು ಒಳಗೆ ಬರದಂತೆ ತಡೆಯುವುದಕ್ಕೆ. ಅಣುಬಾಂಬ್ ಕೆಲಸ ಬೇರೆ. ಅದು ಏನನ್ನೂ ತಡೆಯುವುದಿಲ್ಲ. ‘ನೀನು ಹೊಡೆದ ಮೇಲೂ ನನ್ನ ಕೈ ಉಳಿದಿರುತ್ತದೆ, ಆಮೇಲೆ ನೀನು ಉಳಿಯಲ್ಲ’ ಅನ್ನುವುದನ್ನು ಎದುರಿನವನ ತಲೆಯಲ್ಲಿ ಕೂರಿಸುತ್ತದೆ, ಅಷ್ಟೇ.

ಅಂದಮೇಲೆ ಮೊದಲ ಏಟು ತಿಂದರೂ ಉಳಿಯುವ ಅಸ್ತ್ರ ಬೇಕು, ಅಲ್ವಾ? ನೆಲದ ಮೇಲಿನ ನೆಲೆ ಉಪಗ್ರಹದ ಕಣ್ಣಿಗೆ ಬೀಳುತ್ತದೆ. ಕಡಲಿನ ಆಳದಲ್ಲಿರುವ ಜಲಾಂತರ್ಗಾಮಿಯನ್ನು ಹುಡುಕುವುದು ಬಹಳ ಕಷ್ಟ. ಅದಕ್ಕೇ ಅರಿಹಂತ್, ಅಣು ಕ್ಷಿಪಣಿ ಹೊರುವ ನಮ್ಮ ಜಲಾಂತರ್ಗಾಮಿ. 2018ರಲ್ಲಿ ಅದು ಶತ್ರುವನ್ನು ಹೆದರಿಸಿಡುವ ತನ್ನ ಮೊದಲ ಗಸ್ತು ಮುಗಿಸಿ ಬಂತು. 2003ರ ನಮ್ಮ ನೀತಿಯೂ ‘ಮೊದಲು ಬಳಸಲ್ಲ’ ಅನ್ನುವಲ್ಲಿಗೇ ನಿಂತಿಲ್ಲ. ನಮ್ಮ ಮೇಲೆ ಬಿದ್ದರೆ ತಿರುಗೇಟು ತಡೆದುಕೊಳ್ಳಲಾಗದಷ್ಟು ದೊಡ್ಡದು ಅಂತಲೂ ಹೇಳುತ್ತದೆ. ಚೀನಾ ಕೂಡ 1964ರಿಂದ ಮೊದಲು ಬಳಸಲ್ಲ ಅನ್ನುತ್ತಿದೆ. ಪಾಕಿಸ್ತಾನ ಅಂಥ ಮಾತು ಕೊಟ್ಟಿಲ್ಲ.

ಆದರೆ ಬಾಂಬ್ ಇದ್ದರೆ ಯುದ್ಧವೇ ಆಗಲ್ಲ ಅಂದುಕೊಳ್ಳಬೇಡಿ. 1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ದೇಶ ಅಣು ಪರೀಕ್ಷೆ ಮಾಡಿದವು, ಮರುವರ್ಷವೇ ಕಾರ್ಗಿಲ್. ನನಗೆ ಜಾಸ್ತಿ ಧೈರ್ಯ ಕೊಡುವುದು ಇನ್ನೊಂದು ಸಂಗತಿ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಕೊಟ್ಟು ತಗೊಳ್ಳುತ್ತವೆ, ಅವುಗಳ ಮೇಲೆ ದಾಳಿ ಮಾಡಬಾರದು ಅಂತ. ಕಾರ್ಗಿಲ್ ಆದ ಮೇಲೂ ಅದು ನಿಂತಿಲ್ಲ.