ಸೌದೆ ಒಲೆಯ ಹಾಟ್ ಟಬ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಐಷಾರಾಮಿ ಟೆಂಟುಗಳ ಜತೆಗೆ ಇಡಲೆಂದು ಮಡಚಿ ಒಯ್ಯಬಹುದಾದ ಹಾಟ್ ಟಬ್ (ಬಿಸಿನೀರಿನಲ್ಲಿ ಕೂರುವ ದೊಡ್ಡ ತೊಟ್ಟಿ) ತರಿಸಿದ್ದೇವೆ. ಒಲೆ ಟಬ್ಬಿನ ಹೊರಗಿದೆ, ಅದರೊಳಗೆ ನೀರು ಹರಿಯುವ ಸ್ಟೀಲ್ ಕಾಯಿಲ್ (ಸುರುಳಿ ಕೊಳವೆ), ಅದನ್ನು ಟಬ್ಬಿಗೆ ಜೋಡಿಸುವ ಎರಡು ಪೈಪು. ಪಂಪ್ ಇಲ್ಲ. ಬೆಂಕಿ ಹಚ್ಚಿ ಸ್ವಲ್ಪ ಹೊತ್ತಿಗೇ ಕಾಯಿಲ್‌ನಲ್ಲಿ ಗುಡುಗುಡು ಸದ್ದು ಶುರುವಾಗಿ ಮೇಲಿನ ಪೈಪಿನಿಂದ ಕುದಿನೀರು ಬಿಟ್ಟು ಬಿಟ್ಟು ಚಿಮ್ಮುತ್ತದೆ. ಟಬ್ಬಿನ ನೀರು ಮಾತ್ರ ತಣ್ಣಗೇ ಇದೆ. ಕಾಯಿಲ್ ಕೆಟ್ಟಿದೆಯೇ?

ಉತ್ತರ: ಕಾಯಿಲ್‌ನದೇನೂ ತಪ್ಪಿಲ್ಲ, ನೀರು ಸುತ್ತುತ್ತಿಲ್ಲ ಅಷ್ಟೇ. ಪಂಪ್ ಇಲ್ಲದ ಟಬ್ಬಿನಲ್ಲಿ ನೀರನ್ನು ಓಡಿಸುವುದು ಬಿಸಿನೀರಿಗೂ ತಣ್ಣೀರಿಗೂ ಇರುವ ತೂಕದ ವ್ಯತ್ಯಾಸ. ಅದು ತೀರಾ ಸಣ್ಣ ಬಲ. ದಾರಿಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಹರಿವು ನಿಲ್ಲುತ್ತದೆ, ಕಾಯಿಲ್‌ನಲ್ಲಿ ನಿಂತ ನೀರು ಕುದ್ದು ಹಬೆಯಾಗುತ್ತದೆ.

ಮೊದಲು ಬಿಸಿ ಪೈಪು ನೋಡಿ. ಕಾಯಿಲ್‌ನ ಮೇಲ್ತುದಿಯಿಂದ ಟಬ್ಬಿನವರೆಗೆ ಅದು ಒಂದೇ ಸಮನೆ ಏರುತ್ತ ಹೋಗಬೇಕು. ನಡುವೆ ಎಲ್ಲಾದರೂ ಡುಬ್ಬದಂತೆ ಎದ್ದು ಮತ್ತೆ ಇಳಿದಿದ್ದರೆ ಗಾಳಿ ಅಲ್ಲೇ ಕೂತಿರುತ್ತದೆ. ಬಿಸಿಗೆ ಮೆತ್ತಗಾಗುವ ತೋಟದ ಪೈಪು ಹಾಕಿದವರಿಗೆ ಈ ತೊಂದರೆ ಖಾತರಿ. ಸಿಲಿಕೋನ್ ಅಥವಾ ಶಾಖ ತಡೆಯುವ ರಬ್ಬರ್ ಪೈಪೇ ಬೇಕು. ಒಳವ್ಯಾಸ 38ರಿಂದ 50 ಮಿಲಿಮೀಟರ್ ಇರಲಿ, ಉದ್ದ ಆದಷ್ಟೂ ಕಡಿಮೆ ಇರಲಿ. ಆಮೇಲೆ ಮಟ್ಟ: ಒಲೆ ಟಬ್ಬಿನ ನೆಲದ ಸಮಕ್ಕೆ ಅಥವಾ ಅದಕ್ಕಿಂತ ತಗ್ಗಿನಲ್ಲಿರಬೇಕು. ಇಳಿಜಾರಿನಲ್ಲಿ ಒಲೆಯನ್ನು ಮೇಲ್ಗಡೆ ಇಟ್ಟರೆ ಎಷ್ಟೇ ಸೌದೆ ಸುರಿದರೂ ಪ್ರಯೋಜನವಿಲ್ಲ. ಕೊನೆಯದಾಗಿ, ಟಬ್ಬಿನ ಮೇಲಿನ ತೂತು ನೀರಿನ ಮಟ್ಟದಿಂದ ಕನಿಷ್ಠ ಒಂದು ಗೇಣು ಕೆಳಗಿರಲಿ. ಅದು ನೀರಿನಿಂದ ಹೊರಗಿದ್ದರೆ ಸುತ್ತು ತುಂಡಾದಂತೆಯೇ.

ಎರಡೂ ತೂತು ಮುಳುಗುವವರೆಗೆ ಬೆಂಕಿ ಹಚ್ಚಲೇಬೇಡಿ. ಖಾಲಿ ಕಾಯಿಲ್ ಕಾದ ಮೇಲೆ ತಣ್ಣೀರು ಬಿಟ್ಟರೆ ನೀರು ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. ಈಗಿನಂತೆ ಗುಡುಗುಡು ಶುರುವಾದರೆ ಪೈಪು ಬಿಚ್ಚಲು ಹೋಗಬೇಡಿ. ಸೌದೆ ಹಾಕುವುದನ್ನು ನಿಲ್ಲಿಸಿ, ಗಾಳಿಯ ಕಿಂಡಿ ಮುಚ್ಚಿ, ಎಲ್ಲರನ್ನೂ ದೂರ ನಿಲ್ಲಿಸಿ, ಆರುವವರೆಗೆ ಕಾಯಿರಿ. ಒಲೆ ತಣ್ಣಗಾದ ಮೇಲೆ ಪೈಪನ್ನು ಅಲುಗಿಸಿ, ಹಿಸುಕಿ, ಗುಳ್ಳೆಗಳನ್ನು ಟಬ್ಬಿನ ಕಡೆಗೆ ದಾಟಿಸಿ.

ಪ್ರಶ್ನೆ: 12 ವೋಲ್ಟ್ ಪಂಪ್ ಹಾಕಿದರೆ ಈ ತಲೆನೋವು ಇರುವುದಿಲ್ಲವಂತೆ?

ಉತ್ತರ: ಇದು ಹೋಗಿ ಬೇರೆ ಬರುತ್ತದೆ. ಪಂಪ್ ಇದ್ದರೆ ಒಲೆ ಎಲ್ಲಿ ಬೇಕಾದರೂ ಇಡಬಹುದು, ನಿಜ. ಆದರೆ ಬ್ಯಾಟರಿ ಕೈಕೊಟ್ಟ ಕ್ಷಣವೇ ಕಾಯಿಲ್ ಕುದಿಯುತ್ತದೆ, ಬೆಂಕಿಗೆ ಸ್ವಿಚ್ ಇಲ್ಲ. ಹಾಕುವುದೇ ಆದರೆ ತಣ್ಣೀರಿನ ಪೈಪಿಗೆ ಹಾಕಿ. ಬಿಸಿ ಕಡೆ ಹಾಕಿದರೆ ಅಗ್ಗದ ಪಂಪುಗಳ ಸೀಲು ಬೇಗ ಹೋಗುತ್ತದೆ. ನೀರಿಗೆ 12 ಕಿಲೋವ್ಯಾಟ್ ಶಾಖ ಕೊಡುವ ಒಲೆಯಲ್ಲಿ ನಿಮಿಷಕ್ಕೆ 10 ಲೀಟರ್ ಹರಿದರೆ ನೀರು ಒಂದು ಸುತ್ತಿಗೆ ಸುಮಾರು 17 ಡಿಗ್ರಿ ಬಿಸಿಯಾಗಿ ಮರಳುತ್ತದೆ. ಹರಿವು ಅದಕ್ಕಿಂತ ಕಡಿಮೆಯಾದರೆ ಟಬ್ಬಿಗೆ ಬೀಳುವ ನೀರು ಮೈ ಸುಡುವಷ್ಟಾಗುತ್ತದೆ.

ಪ್ರಶ್ನೆ: 1000 ಲೀಟರ್ ಟಬ್ ಒಂದು ಗಂಟೆಯಲ್ಲಿ ಬಿಸಿಯಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ? ಎಷ್ಟು ಸೌದೆ ಬೇಕು?

ಉತ್ತರ: ಲೆಕ್ಕ ಹಾಕಿ ನೋಡಿ. 1000 ಲೀಟರ್ ನೀರನ್ನು 1 ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಬೇಕು. 15 ಡಿಗ್ರಿಯಿಂದ 38ಕ್ಕೆ ಏರಿಸಲು ಹೆಚ್ಚುಕಡಿಮೆ 27 ಯೂನಿಟ್. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ 4 ಯೂನಿಟ್ ಕೊಡುತ್ತದೆ, ಅದರಲ್ಲಿ ಅರ್ಧ ಹೊಗೆಯ ಜತೆ ಹೋಯಿತೆಂದುಕೊಳ್ಳಿ. ಅಲ್ಲಿಗೆ 13-14 ಕಿಲೋ. ನೀರಿನ ಮೇಲ್ಮೈಯಿಂದ ಹೋಗುವ ಶಾಖ ಸೇರಿಸಿದರೆ 16ರಿಂದ 18. ಗಂಟೆಗೆ 5 ಕಿಲೋ ಉರಿಸುವ ಒಲೆಯಾದರೆ ಮೂರು ಗಂಟೆ, ಗಾಳಿಯಿದ್ದರೆ ಮೂರೂವರೆ. ಒಂದು ಗಂಟೆಯ ಮಾತು ಬೇಸಿಗೆಯ ಬೆಚ್ಚನೆ ನೀರಿಗೋ ತೀರಾ ಚಿಕ್ಕ ಟಬ್ಬಿಗೋ ಸರಿ.

ಮುಚ್ಚಳ ಹಾಕದೆ ಕಾಯಿಸುವುದು ಸೌದೆ ದಂಡ. ಮುಂಗೈ ದಪ್ಪಕ್ಕೆ ಸೀಳಿದ ಸೌದೆ ಹಾಕಿ. ಉರಿಯುವಾಗ ತುದಿಯಲ್ಲಿ ನೊರೆ ಬಂದು ಚುಂಯ್ ಎಂದರೆ ಅದು ಹಸಿ. ಅದರ ಶಾಖ ತನ್ನದೇ ನೀರು ಒಣಗಿಸಲು ಖರ್ಚಾಗಿ, ಹೊಗೆ ಕೊಳವೆಗೆ ಕಿಟ್ಟ ಕಟ್ಟುತ್ತದೆ.

ಬಿಸಿ ನೋಡುವ ಮೊದಲು ಉದ್ದನೆ ಹುಟ್ಟಿನಿಂದ ನೀರನ್ನು ತಳದವರೆಗೂ ಕಲಕಿ. ಕಲಕದೆ ಥರ್ಮಾಮೀಟರ್ ಇಳಿಬಿಟ್ಟರೆ ಮೇಲೆ 42 ತೋರಿಸುವಾಗ ಕಾಲ ಬುಡದಲ್ಲಿ 28 ಇರಬಹುದು. 36 ಮುಟ್ಟುತ್ತಲೇ ಸೌದೆ ನಿಲ್ಲಿಸಿ. ಉಳಿದ ಕೆಂಡವೇ ಇನ್ನೊಂದೆರಡು ಡಿಗ್ರಿ ಏರಿಸುತ್ತದೆ. 40 ದಾಟಿದರೆ ಯಾರೂ ಇಳಿಯಬಾರದು. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯುವುದು ಬೇಡ, ಕುಡಿದವರನ್ನು ಇಳಿಸಲೇಬೇಡಿ.

ಪ್ರಶ್ನೆ: ಮರದ ಹಲಗೆ ಹಾಸಿದ ಅಟ್ಟದ ಮೇಲೆ ಇಡಬಹುದೇ?

ಉತ್ತರ: ಅದಕ್ಕೆಂದೇ ಕಟ್ಟಿಸಿರದಿದ್ದರೆ ಬೇಡ. 60 ಸೆಂಟಿಮೀಟರ್ ಆಳದ ನೀರೆಂದರೆ ಚದರ ಮೀಟರಿಗೆ 600 ಕಿಲೋ, ಮೇಲೆ ಜನ ಬೇರೆ. ಕಲ್ಲು, ಬೇರು ತೆಗೆದು ಸಮ ಮಾಡಿದ ಗಟ್ಟಿ ನೆಲ, ಅದರ ಮೇಲೆ ಒಂದು ಇಂಚಿನ ಫೋಮ್ ಹಾಸು ಸಾಕು. ಅಂಚಿನವರೆಗೆ ತುಂಬಬೇಡಿ. ಒಂದೂವರೆ ಮೀಟರ್ ಅಗಲದ ದುಂಡು ಟಬ್ಬಿಗೆ ನಾಲ್ವರು ಇಳಿದರೆ ನೀರು ಹತ್ತು ಸೆಂಟಿಮೀಟರಿಗೂ ಮೇಲೆ ಏರುತ್ತದೆ. ಚೆಲ್ಲಿದ ನೀರು ಹೋಗುವುದು ಒಲೆಯ ಕಡೆಗೇ.

ಪ್ರಶ್ನೆ: ಒಲೆ ಹಚ್ಚಿದ ಮೊದಲರ್ಧ ಗಂಟೆ ಕಾಯಿಲ್‌ನಿಂದ ಹನಿ ಹನಿ ನೀರು ಬೀಳುತ್ತದೆ. ಬೆಸುಗೆ ಬಿಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಹೊಗೆಯಲ್ಲಿರುವ ತೇವ ತಣ್ಣನೆ ಕಾಯಿಲ್‌ಗೆ ತಾಗಿ ಹನಿಗಟ್ಟುತ್ತದೆ. ನೀರು ಬೆಚ್ಚಗಾದಂತೆ ಕಡಿಮೆಯಾಗುತ್ತದೆ. ಅನುಮಾನವಿದ್ದರೆ ಬೆಂಕಿಯಿಲ್ಲದೆ ಟಬ್ ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಲೆಯ ತಳ ಒಣಗಿದ್ದರೆ ಬೆಸುಗೆ ಸರಿಯಿದೆ.

ಪ್ರಶ್ನೆ: ಫಿಲ್ಟರ್ ಇಲ್ಲ. ಅದೇ ನೀರನ್ನು ಎರಡು ದಿನ ಬಳಸಬಹುದೇ?

ಉತ್ತರ: ಅತಿಥಿಗಳು ಬದಲಾದಾಗಲೆಲ್ಲ ನೀರೂ ಬದಲಾಗಲಿ. ಬೆಚ್ಚನೆ ನಿಂತ ನೀರಿನಲ್ಲಿ ರೋಗಾಣು ಬೇಗ ಹೆಚ್ಚುತ್ತದೆ. ಮೈಮೇಲೆ ಕೆಂಪು ಗುಳ್ಳೆ ಏಳುವುದು ಸಾಮಾನ್ಯ ದೂರು. ಒಂದೇ ಗುಂಪಿಗೂ ಕ್ಲೋರಿನ್ ಬೇಕು: ಲೀಟರಿಗೆ 3 ಮಿಲಿಗ್ರಾಂಗಿಂತ ಇಳಿಯಬಾರದು, ಪಿಎಚ್ 7ರಿಂದ 7.8ರೊಳಗಿರಲಿ. 10 ಶೇಕಡಾ ದ್ರಾವಣವಾದರೆ 1000 ಲೀಟರಿಗೆ 30 ಮಿಲಿಲೀಟರ್ ಹಾಕಿದಾಗ ಲೆಕ್ಕಕ್ಕೆ 3 ಮಿಲಿಗ್ರಾಂ ಬರುತ್ತದೆ. ಹಳೆಯ ಡಬ್ಬಿಯ ಶಕ್ತಿ ಇಳಿದಿರುತ್ತದೆ, ಹಾಗಾಗಿ ಪರೀಕ್ಷೆಯ ಪಟ್ಟಿ ಅದ್ದಿ ನೋಡಿಯೇ ಜನರನ್ನು ಇಳಿಸಿ. ಕಾಯಿಲ್ 316 ದರ್ಜೆಯ ಸ್ಟೀಲಿನದಾಗಿದ್ದರೆ ಒಳ್ಳೆಯದು. 304ಕ್ಕೆ ಕ್ಲೋರಿನ್ ನೀರಿನಲ್ಲಿ ಬೇಗ ಸಣ್ಣ ತೂತು ಬೀಳುತ್ತವೆ. ಖಾಲಿ ಮಾಡುವ ನೀರನ್ನು ಕ್ಲೋರಿನ್ ಇಳಿಯುವವರೆಗೆ ಮುಚ್ಚಳ ತೆಗೆದಿಟ್ಟು, ಹಳ್ಳ ಕೆರೆಗಳಿಂದ ದೂರ ಹರಿಯಬಿಡಿ. ಹಿಮ ಬೀಳುವ ಜಾಗದಲ್ಲಿ ಕಾಯಿಲ್‌ನೊಳಗಿನ ನೀರನ್ನೂ ಬಗ್ಗಿಸಿ ತೆಗೆಯಿರಿ, ಒಳಗೆ ಹೆಪ್ಪುಗಟ್ಟಿದರೆ ಕಾಯಿಲ್ ಒಡೆಯುತ್ತದೆ.